ಮಣ್ಣು ಎಲ್ಲಿಂದ ಬಂತು, ನೀರು ಎಲ್ಲಿಗೆ ಹೋಯಿತು, ಜನ ಎಲ್ಲಿಗೆ ಹೋದರು

ಕಾರ್ಕಳಕ್ಕೆ ಕಡಲಿಲ್ಲ. ಪಡುಬಿದ್ರಿಯ ತೆರೆ ಕಾಣಬೇಕಿದ್ದರೆ ನಿಟ್ಟೆ, ಬೆಳ್ಮಣ್, ನಂದಿಕೂರು ದಾಟಿ ಮೂವತ್ತು ಕಿಲೋಮೀಟರಿನ ಹತ್ತಿರ ಇಳಿಯಬೇಕು. ಆದರೂ ಕಡಲತಡಿಯ ನೆಲ ಹೇಗೆ ಬದಲಾಗುತ್ತದೆ, ಅಲ್ಲಿಂದ ಯಾರು ಹೊರಬೀಳುತ್ತಾರೆ ಎಂದು ತಿಳಿಯಬೇಕಾದವರು ಕಾರ್ಕಳದಿಂದ ಹೊರಡುವುದೇ ಸರಿ. ಘಟ್ಟದಿಂದ ಇಳಿದು ಈ ತಾಲೂಕನ್ನು ಹಾಯ್ದು ಹೋಗುವ ಸುವರ್ಣಾ ನದಿ ಕೋಡಿಬೆಂಗ್ರೆಯ ಅಳಿವೆಗೆ ಮರಳು ಒಯ್ಯುತ್ತದೆ. ತಗ್ಗಿನ ಗದ್ದೆ ತುಂಬಿಸುವ ಕೆಂಪು ಮಣ್ಣು ಬರುವುದು ಗುಡ್ಡ ಕಡಿದು. ತೆರೆಗೆ ಅಡ್ಡ ಹಾಕುವ ಬಂಡೆ ಬರುವುದು ಒಳನಾಡಿನ ಕೋರೆಗಳಿಂದ. ಬೆಳಗಿನ ಬಸ್ಸಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕಡಲ ಬದಿಯಿಂದ ಮೇಲೆ ಬರುವ ಹೆಂಗಸರನ್ನು ಕಾರ್ಕಳದ ಮಾರ್ಕೆಟ್ಟು ದಿನವೂ ಕಾಣುತ್ತದೆ. ಅವರ ಮನೆ ದಡದಿಂದ ಎಷ್ಟು ದೂರಕ್ಕೆ ಸರಿಯಿತು ಎಂಬುದರ ಮೇಲೆ ನಮ್ಮ ಊಟದ ಬಂಗುಡೆಯ ಕ್ರಯವೂ ನಿಂತಿದೆ.

ನೆಲವನ್ನು ಹೊಸದಾಗಿ ಮಾಡುವುದೆಂದರೆ ಇನ್ನೊಂದು ಕಡೆಯಿಂದ ಏನನ್ನಾದರೂ ತೆಗೆದು ತಂದು ಹಾಕುವುದು. ಇದು ಇಡೀ ವಿಷಯದ ತಿರುಳು. ಬೈಲಿಗೆ, ಅಂದರೆ ತೀರ ತಗ್ಗಿನ ಗದ್ದೆಗೆ, ಮಣ್ಣು ಬಿದ್ದರೆ ಅಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಕಡಲೊಳಗೆ ಗೋಡೆ ಕಟ್ಟಿದರೆ ಮುಂದಿನ ಊರಿಗೆ ಹೋಗಬೇಕಾದ ಮರಳು ಅಲ್ಲೇ ನಿಲ್ಲುತ್ತದೆ. ಸರಕಾರಿ ದಾಖಲೆಗಳಲ್ಲಿ ಎಣಿಕೆಗೆ ಸಿಗುವುದು ನೆಲ ಮಾತ್ರ. ನೀರನ್ನು, ದಡವನ್ನು ನಂಬಿ ಬದುಕುವವರು ಅದೇ ದಾಖಲೆಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಮೊದಲು ಹೋಗುವವರೂ ಅವರೇ, ಕೊನೆಗೆ ಪರಿಹಾರ ಸಿಗುವವರೂ ಅವರೇ.

ಬೈಲು ತುಂಬುವ ಬಗೆ

ನಮ್ಮ ಕರಾವಳಿಯಲ್ಲಿ ನೆಲ ತುಂಬಿಸುವುದು ಎಂದ ತಕ್ಷಣ ಮುಂಬಯಿಯ ಹಾಗೆ ಸಮುದ್ರಕ್ಕೇ ಮಣ್ಣು ಸುರಿಯುವುದು ನೆನಪಾಗಬೇಕಿಲ್ಲ. ಏಳು ದ್ವೀಪಗಳ ನಡುವಿನ ಹಿನ್ನೀರು ಮುಚ್ಚಿ ಒಂದೇ ನಗರ ಮಾಡಿದ ಆ ಕೆಲಸ 18ನೇ ಶತಮಾನದ ಹಾರ್ನ್‌ಬಿ ವೆಲ್ಲಾರ್ಡ್ ಕಟ್ಟೆಯಿಂದ ಶುರುವಾಗಿ 20ನೇ ಶತಮಾನದವರೆಗೂ ನಡೆಯಿತು. ನಮ್ಮ ಸಂಬಂಧಿಕರು ಹೋಗಿ ಹೋಟೆಲು ಇಟ್ಟದ್ದು ಆ ನಗರದಲ್ಲೇ. ಉಡುಪಿ ಜಿಲ್ಲೆಯಲ್ಲಿ ನೆಲ ತುಂಬುವುದು ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್ ಲೆಕ್ಕದಲ್ಲಿ, ಸದ್ದಿಲ್ಲದೆ, ಕಡಲಿನಿಂದ ಸ್ವಲ್ಪ ಒಳಗೆ, ಗದ್ದೆಗಳಲ್ಲಿ.

ತುಳುನಾಡಿನ ಬೇಸಾಯ ನೆಲವನ್ನು ಮಟ್ಟದ ಮೇಲೆ ಗುರುತಿಸುತ್ತದೆ. ಮೇಲಿನದು ಬೆಟ್ಟು, ಮಳೆ ನಂಬಿ ಒಂದು ಬೆಳೆ. ನಡುವಿನದು ಮಜಲು, ಎರಡು ಬೆಳೆ. ತೀರ ತಗ್ಗಿನದು ಬೈಲು. ಅಲ್ಲಿ ಒರತೆ ಇರುವುದರಿಂದ ಮೂರನೆಯದೂ ಬರುತ್ತದೆ. ಇವೆಲ್ಲಕ್ಕೂ ಮೇಲೆ ಕೆಂಪುಕಲ್ಲಿನ ಪದವು. ಮಣಿಪಾಲ ಕೂತಿರುವುದು ಅಂಥ ಪದವಿನ ನೆತ್ತಿಯಲ್ಲಿ. ಪದವಿನ ಮೇಲೆ ಬಿದ್ದ ಮಳೆ ಕಲ್ಲಿನ ಸಂದುಗಳಲ್ಲಿ ಇಂಗಿ, ತಿಂಗಳುಗಟ್ಟಲೆ ನಿಧಾನವಾಗಿ ಬೈಲಿನ ಅಂಚಿನಲ್ಲಿ ಒಸರುತ್ತಿತ್ತು. ಬೈಲು ಅದನ್ನು ಹಿಡಿದಿಟ್ಟು, ತೋಡಿಗೆ ಬಿಟ್ಟು, ತೋಡು ಹೊಳೆಗೆ, ಹೊಳೆ ಅಳಿವೆಗೆ ಒಯ್ಯುತ್ತಿತ್ತು. ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಬೀಳುವ ಊರು ಬದುಕಿದ್ದೇ ಈ ಏರ್ಪಾಡಿನಿಂದ.

ಈಗ ನೆತ್ತಿ ಕಾಂಕ್ರೀಟಾಗಿದೆ. ಇಂಗಬೇಕಾದ ನೀರು ಗಂಟೆಯೊಳಗೆ ಕೆಳಗಿಳಿಯುತ್ತದೆ. ಕೆಳಗೆ ಅದನ್ನು ಹಿಡಿಯಬೇಕಾದ ಬೈಲಿಗೆ ಮಣ್ಣು ಬಿದ್ದಿದೆ. ಲೆಕ್ಕ ಸುಲಭ. ಒಂದು ಸೆಂಟ್ಸ್ ಎಂದರೆ 435.6 ಚದರಡಿ, ಅದರ ಮೇಲೆ ಒಂದಡಿ ನೀರು ನಿಂತರೆ 12,000 ಲೀಟರ್ ದಾಟುತ್ತದೆ, ಬೇಸಿಗೆಯಲ್ಲಿ ಊರಿಗೆ ನೀರು ತರುವ ದೊಡ್ಡ ಟ್ಯಾಂಕರಿನಷ್ಟು. ಹತ್ತು ಸೆಂಟ್ಸಿಗೆ ಮಣ್ಣು ಹಾಕಿಸಿದರೆ ಹತ್ತು ಟ್ಯಾಂಕರ್ ನೀರಿನ ಜಾಗ ಹೋಯಿತು. ಒಂದು ಎಕರೆ ಲೇಔಟಾದರೆ 12 ಲಕ್ಷ ಲೀಟರ್. ಅಷ್ಟೂ ನೀರು ಇನ್ನೂ ತುಂಬಿಸದೆ ಉಳಿದವರ ಕಡೆಗೆ ನಡೆಯುತ್ತದೆ.

ಕೆಲಸ ನಡೆಯುವ ಕ್ರಮ ಬಹುತೇಕ ಎಲ್ಲ ಕಡೆ ಒಂದೇ. ಮೊದಲು ರಸ್ತೆ ಬದಿಯ ಗದ್ದೆ ಮಾರಾಟವಾಗುತ್ತದೆ. ಟಿಪ್ಪರ್‌ಗಳು ಬಂದು ಕೆಂಪು ಮಣ್ಣಿನ ಗುಪ್ಪೆ ಹಾಕುತ್ತವೆ, ಹಿಟಾಚಿ ಹರಡುತ್ತದೆ, ಸುತ್ತ ಕೆಂಪುಕಲ್ಲಿನ ಪಾಗಾರ ಏಳುತ್ತದೆ. ಆರೇಳು ಅಡಿ ಅಗಲವಿದ್ದ ತೋಡು ಪಾಗಾರದ ಬುಡದಲ್ಲಿ ಎರಡಡಿಯ ಕಾಂಕ್ರೀಟ್ ಚರಂಡಿಯಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಹಿಂದಿನ ಗದ್ದೆಯಲ್ಲಿ ನೀರು ಇಳಿಯದೆ ನೇಜಿ ಕೊಳೆಯುತ್ತದೆ. ಎರಡು ಮಳೆಗಾಲ ಹಾಗಾದರೆ ಅದರ ಯಜಮಾನರು ಬೇಸಾಯ ಬಿಡುತ್ತಾರೆ, ಗದ್ದೆ ಹಡಿಲು ಬೀಳುತ್ತದೆ. ಹಡಿಲು ಬಿದ್ದ ಗದ್ದೆಯನ್ನು ಮಾರಲು ಮನಸ್ಸಿಗೆ ಅಷ್ಟು ಕಷ್ಟವಾಗುವುದಿಲ್ಲ, ಬೆಲೆಯೂ ಇಳಿದಿರುತ್ತದೆ. ಅದಕ್ಕೂ ಮಣ್ಣು ಬೀಳುತ್ತದೆ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆಸಿದಾಗ, ಈ ಸರಪಳಿಯನ್ನು ನಡುವಿನಲ್ಲಿ ಕಡಿಯುವ ಪ್ರಯತ್ನವೊಂದು ಆಯಿತು. ಅಂಥದು ಪ್ರತಿ ವರ್ಷ ನಡೆಯಬೇಕಾದ ಕೆಲಸ.

2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಆದದ್ದು ಇಲ್ಲಿನವರಿಗೆ ನೆನಪಿರುತ್ತದೆ. ಕಲ್ಸಂಕ, ಬನ್ನಂಜೆ, ಗುಂಡಿಬೈಲು, ಬೈಲಕೆರೆ, ಮಠದಬೆಟ್ಟು ಕಡೆಗಳಲ್ಲಿ ನೀರು ಮನೆಯೊಳಗೆ ಬಂತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಆ ಒಂದು ರಾತ್ರಿಯ ಮಳೆಯೇ ಅಸಾಧಾರಣವಾಗಿತ್ತು, ನೆರೆಗೆ ಪೂರ್ತಿ ಹೊಣೆಯನ್ನು ಮಣ್ಣಿನ ಮೇಲೆ ಹೊರಿಸಿದರೆ ನ್ಯಾಯವಾಗದು. ಆದರೆ ನೀರು ಯಾವ ಮನೆಗಳಲ್ಲಿ ಹೆಚ್ಚು ಹೊತ್ತು ನಿಂತಿತು ಎಂದು ನೋಡಿದರೆ ಮಣ್ಣಿನ ಪಾತ್ರ ಕಾಣುತ್ತದೆ. ಹೊಸ ಕಟ್ಟಡಗಳು ರಸ್ತೆಗಿಂತ ಮೂರಡಿ ಮೇಲೆ ನಿಂತಿರುತ್ತವೆ. ಹಳೆಯ ಹಂಚಿನ ಮನೆ, ಬಾಡಿಗೆಯ ಲೈನ್ ಮನೆ, ಘಟ್ಟದ ಮೇಲಿನಿಂದ ಕೂಲಿಗೆ ಬಂದವರ ತಗಡಿನ ಶೆಡ್ಡು, ಇವು ಹಳೆಯ ಮಟ್ಟದಲ್ಲೇ ಉಳಿದಿರುತ್ತವೆ.

ಬೈಲಿಗೆ ಅಡ್ಡಲಾಗಿ ಹೋದ ಏರಿಗಳನ್ನೂ ಇದಕ್ಕೆ ಸೇರಿಸಬೇಕು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲಿನ ದಿಣ್ಣೆ, ಅದಾದ ಮೇಲೆ ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 66, ಎರಡೂ ಉತ್ತರ–ದಕ್ಷಿಣವಾಗಿ ಸಾಗುತ್ತವೆ. ನಮ್ಮ ಮಳೆನೀರು ಮೂಡಣದಿಂದ ಪಡುವಣಕ್ಕೆ ಹರಿಯುತ್ತದೆ. ಮೋರಿ ಎಷ್ಟು ಅಗಲವೋ ಅಷ್ಟೇ ನೀರಿಗೆ ದಾರಿ. ಹೆದ್ದಾರಿಯ ಮೂಡುಬದಿಯ ಮನೆಯವರು ಮೋರಿಯಲ್ಲಿ ಸಿಕ್ಕ ಕಸ, ಮಣ್ಣು ತೆಗೆಸಲು ಮೇ ತಿಂಗಳಿಡೀ ಕಚೇರಿಗಳಿಗೆ ಅಲೆಯುವುದು ಇದೇ ಕಾರಣಕ್ಕೆ.

ನೀರು ಕೆಟ್ಟಾಗಲೂ ಹೊಡೆತ ಬೀಳುವುದು ತಗ್ಗಿನವರಿಗೇ. ಮಣಿಪಾಲ, ಇಂದ್ರಾಳಿ ಕಡೆಯಿಂದ ಇಳಿದು ಕಲ್ಸಂಕ ದಾಟಿ ಕಲ್ಮಾಡಿ, ಮಲ್ಪೆಯತ್ತ ಹೋಗುವ ಇಂದ್ರಾಣಿ ಹೊಳೆ ನಗರದ ಕೊಳಚೆಯನ್ನೂ ಹೊತ್ತೊಯ್ಯುತ್ತದೆ. ಕೊಡವೂರು, ಕಲ್ಮಾಡಿ ಕಡೆಯ ಬಾವಿಗಳು ಕೆಟ್ಟವೆಂಬ ದೂರು ವರ್ಷಗಳಿಂದ ಇದೆ. ಬಾವಿ ಕೆಟ್ಟ ಮನೆಯವರು ಮೊದಲು ನೀರು ಕೊಳ್ಳುತ್ತಾರೆ, ಆಮೇಲೆ ಮನೆ ಮಾರುತ್ತಾರೆ. ಯಾರೂ ಒಕ್ಕಲೆಬ್ಬಿಸಲಿಲ್ಲ, ನೋಟಿಸು ಬರಲಿಲ್ಲ. ಆದರೂ ಜನ ಹೋದರು. ಇದನ್ನು ನಾನು ಸ್ಥಳಾಂತರ ಎಂದೇ ಕರೆಯುತ್ತೇನೆ.

ಕಡಲಿಗೆ ಕಲ್ಲು ಹಾಕಿದರೆ

ಕಾಪುವಿನ ದೀಪಸ್ತಂಭದ ಬುಡದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸ್ವಲ್ಪ ನಡೆದರೆ ಕಡಲತಡಿಯ ಎರಡು ರೂಪ ಕಾಣುತ್ತವೆ: ಮರಳಿನ ದಡ ಒಂದು, ಕಪ್ಪು ಬಂಡೆಗಳ ತಡೆಗೋಡೆ ಇನ್ನೊಂದು.

ಮರಳಿನ ದಡ ಪ್ರತಿ ವರ್ಷ ಹೋಗಿ ಬರುವ ವಸ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಿದಾದ ತೆರೆಗಳು ದಡದ ಮರಳನ್ನು ಕಿತ್ತು ಸ್ವಲ್ಪ ಆಳದಲ್ಲಿ ದಿಬ್ಬವಾಗಿ ಒಟ್ಟುತ್ತವೆ. ಮಳೆ ನಿಂತ ಮೇಲೆ ಮೆಲ್ಲನೆಯ ತೆರೆಗಳು ಅದನ್ನೇ ತಿರುಗಿ ದಡಕ್ಕೆ ತರುತ್ತವೆ. ಏಪ್ರಿಲ್‌ನಲ್ಲಿ ದಡ ಅಗಲ, ಜುಲೈಯಲ್ಲಿ ಕಿರಿದು. ಈ ವ್ಯವಹಾರ ಸರಿಯಾಗಿ ನಡೆಯಬೇಕಾದರೆ ನದಿಗಳಿಂದ ಹೊಸ ಮರಳು ಬರುತ್ತಿರಬೇಕು, ದಡದುದ್ದಕ್ಕೂ ಅದು ಸರಿದಾಡಲು ದಾರಿ ಇರಬೇಕು. ಕಿಂಡಿ ಅಣೆಕಟ್ಟುಗಳು, ಕುಡಿಯುವ ನೀರಿನ ಕಟ್ಟಗಳು, ಮಿತಿಮೀರಿದ ಮರಳುಗಾರಿಕೆ ಮೊದಲನೆಯದನ್ನು ಕಡಿಮೆ ಮಾಡಿದವು. ಬಂದರಿನ ಮುಂದೆ ಕಡಲೊಳಗೆ ಚಾಚುವ ಬ್ರೇಕ್‌ವಾಟರ್ ಎರಡನೆಯದಕ್ಕೆ ಅಡ್ಡ ಬಂತು. ಗೋಡೆಯ ಒಂದು ಬದಿ ಮರಳು ಗುಡ್ಡೆಯಾಗುತ್ತದೆ, ಇನ್ನೊಂದು ಬದಿ ಹಸಿದು ಕೊರೆಯತೊಡಗುತ್ತದೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಹಲವು ದಶಕಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ, ಕರ್ನಾಟಕದ ಸುಮಾರು 300 ಕಿ.ಮೀ. ಕರಾವಳಿಯಲ್ಲಿ ಕಾಲು ಭಾಗಕ್ಕೆ ಹತ್ತಿರದಷ್ಟು ಕಡೆ ಕೊರೆತ ಕಂಡಿತ್ತು. ಹೆಚ್ಚುಕಡಿಮೆ ಅಷ್ಟೇ ಭಾಗದಲ್ಲಿ ಮರಳು ಸೇರಿ ದಡ ಬೆಳೆದಿತ್ತು. ಒಬ್ಬರಿಗೆ ಸೇರಿದ್ದು ಇನ್ನೊಬ್ಬರಿಂದ ಹೋದದ್ದೇ ಎಂದು ಪ್ರತಿ ಕಡೆಯೂ ಹೇಳಲಾಗದು, ಆದರೆ ಎಷ್ಟೋ ಕಡೆ ಹಾಗೆಯೇ.

ತೆರೆ ತೆಂಗಿನ ಬುಡಕ್ಕೆ ಬಂದಾಗ ಜನ ಕಲ್ಲು ಕೇಳುತ್ತಾರೆ. ಅಡುಗೆಮನೆಯ ಗೋಡೆಗೆ ನೀರು ಬಡಿಯುವಾಗ ಯಾರೂ ಅಧ್ಯಯನ ವರದಿ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಕಲ್ಲನ್ನು ಹೇಗೆ ಹಾಕುತ್ತಾರೆ ಎಂಬುದು ಮುಖ್ಯ. ಸರಿಯಾದ ತಡೆಗೋಡೆಗೆ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಪದರ, ಮೇಲೆ ದೊಡ್ಡ ಬಂಡೆ, ಕಡಲಿನ ಬದಿಯಲ್ಲಿ ಗಟ್ಟಿಯಾದ ಬುಡ ಬೇಕು. ಜುಲೈಯ ತುರ್ತಿನಲ್ಲಿ ಟಿಪ್ಪರಿನಿಂದ ನೇರ ಮರಳಿಗೆ ಸುರಿದ ಬಂಡೆಗೆ ಇವೇನೂ ಇರುವುದಿಲ್ಲ. ತೆರೆ ಬಂಡೆಗೆ ಬಡಿದು ಹಿಂದೆ ಸರಿಯುವಾಗ ಬುಡದ ಮರಳನ್ನು ಎಳೆದೊಯ್ಯುತ್ತದೆ, ಬಂಡೆ ಕೂರುತ್ತದೆ, ಮುಂದಿನ ವರ್ಷ ಮತ್ತೆ ಬಂಡೆ. ಗೋಡೆ ಮುಗಿಯುವ ತುದಿಯಲ್ಲಿ ತೆರೆ ತಿರುಗಿ, ಕಲ್ಲು ಬೀಳದ ಪಕ್ಕದ ಮನೆಯ ಕಡೆ ಇನ್ನೂ ಜೋರಾಗಿ ಕೊರೆಯುತ್ತದೆ. ಆಗ ಆ ಮನೆಯವರೂ ಕಲ್ಲು ಕೇಳುತ್ತಾರೆ. ಗೋಡೆ ಹೀಗೆಯೇ ಊರಿಂದ ಊರಿಗೆ ಬೆಳೆಯುತ್ತ ಹೋಗುತ್ತದೆ.

ಉಳ್ಳಾಲದಲ್ಲಿ ಬೇರೆ ದಾರಿ ಹಿಡಿದರು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಸುಮಾರು 223 ಕೋಟಿ ರೂಪಾಯಿ ವೆಚ್ಚದಲ್ಲಿ ದಡದಿಂದ ದೂರ ಕಡಲೊಳಗೆ ಎರಡು ಕೃತಕ ರೀಫ್, ದಡದ ಹತ್ತಿರ ಸಣ್ಣ ಬರ್ಮ್‌ಗಳು, ಅಳಿವೆಯ ಬ್ರೇಕ್‌ವಾಟರಿನ ದುರಸ್ತಿ ಆಯಿತು. ತೆರೆಯ ಬಲವನ್ನು ದೂರದಲ್ಲೇ ಮುರಿಯುವುದು ಅದರ ಉದ್ದೇಶ. ಆಮೇಲಿನ ಮಳೆಗಾಲಗಳಲ್ಲಿ ದಕ್ಷಿಣದ ಸೋಮೇಶ್ವರ ಉಚ್ಚಿಲದ ಬಟ್ಟಪ್ಪಾಡಿಯಲ್ಲಿ ಮನೆ, ರಸ್ತೆ ಕಡಲಿಗೆ ಹೋದವು. ಒಂದು ಊರಿನ ಕಡಲನ್ನು ಮಾತ್ರ ಪ್ರತ್ಯೇಕವಾಗಿ ಸರಿಪಡಿಸಲು ಆಗುವುದಿಲ್ಲ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಕಲ್ಲಿನ ಇನ್ನೊಂದು ಪರಿಣಾಮವನ್ನು ಯಾವ ಅಂದಾಜುಪಟ್ಟಿಯೂ ಬರೆಯುವುದಿಲ್ಲ. ಕೈರಂಪಣಿಯನ್ನು ನೋಡಿ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ ಉಳಿಯುತ್ತದೆ. ದೋಣಿ ಉಳಿದ ಬಲೆಯನ್ನು ಬಿಡುತ್ತ ಕಡಲೊಳಗೆ ಬಿಲ್ಲಿನಂತೆ ಸುತ್ತಿ ಇನ್ನೊಂದು ತುದಿಯನ್ನು ತುಸು ದೂರದ ದಡಕ್ಕೆ ತರುತ್ತದೆ. ಎರಡೂ ಕಡೆ ಹತ್ತಾರು ಜನ ಸಾಲಾಗಿ ನಿಂತು, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ಹೆಜ್ಜೆ ಇಡುತ್ತ ಎಳೆಯುತ್ತಾರೆ. ಎಳೆಯುತ್ತ ಎಳೆಯುತ್ತ ಎರಡು ಸಾಲೂ ಹತ್ತಿರ ಬರುತ್ತವೆ, ಬಲೆಯ ಚೀಲ ಮರಳಿನ ಮೇಲೆ ಬರುತ್ತದೆ, ಮೀನು ಪಾಲಾಗುತ್ತದೆ. ಇದಕ್ಕೆ ಬೇಕಾದದ್ದು ಇಳಿಜಾರಿನ ಬರಿ ಮರಳು, ಹಿಂದೆ ಸರಿಯಲು ಅಷ್ಟು ಜಾಗ. ಬಂಡೆ ಬಿದ್ದ ಕಡೆ ಹಿಮ್ಮಡಿ ಊರಲು ಎಡೆಯಿಲ್ಲ, ಬಲೆ ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ನಾಡದೋಣಿಯನ್ನು ಮೇಲೆಳೆಯಲೂ ಆಗುವುದಿಲ್ಲ, ಹೆಂಗಸರಿಗೆ ಮೀನು ಒಣಗಿಸಲು ನೆಲವಿಲ್ಲ. ಮನೆ ಉಳಿಯಿತು, ಮನೆ ನಡೆಸುತ್ತಿದ್ದ ಕಸುಬು ಹೋಯಿತು. ಆ ಮನೆಯ ಮಕ್ಕಳು ಮಲ್ಪೆಯ ಟ್ರಾಲ್ ಬೋಟಿಗೋ ಮುಂಬಯಿಗೋ ಹೋಗುತ್ತಾರೆ. ಕೆಲವು ವರ್ಷಗಳಲ್ಲಿ ಕಡಲು ಕಾಣುವ ಆ ಜಾಗಕ್ಕೆ ಹೋಂಸ್ಟೇ ಮಾಡುವವರಿಂದ ಒಳ್ಳೆಯ ಬೆಲೆ ಬರುತ್ತದೆ.

ಮೀನುಗಾರರೆಲ್ಲ ಕಡಲತಡಿಯ ಕಾಮಗಾರಿಗಳಿಗೆ ವಿರೋಧಿಗಳು ಎಂದು ಭಾವಿಸಬೇಡಿ. ಹೆಜಮಾಡಿ ಕೋಡಿಯ ಮೀನುಗಾರಿಕಾ ಬಂದರಿಗೆ 2021ರಲ್ಲಿ ಶಂಕುಸ್ಥಾಪನೆಯಾದದ್ದು ಅವರೇ ವರ್ಷಗಟ್ಟಲೆ ಕೇಳಿದ್ದರ ಫಲ. ಮಳೆಗಾಲದಲ್ಲಿ ದೋಣಿಗೆ ಆಸರೆ ಬೇಕು, ಮೀನಿಗೆ ಹತ್ತಿರದ ಹರಾಜುಕಟ್ಟೆ ಬೇಕು. ಜಗಳವಿರುವುದು ಯಾರಿಗಾಗಿ ಎಂಬುದರಲ್ಲಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿದದ್ದು ಮೀನು ಒಣಗಿಸುವ ಮರಳೇ ಆ ನಕ್ಷೆಯೊಳಗೆ ಸೇರಿತ್ತೆಂದು. ಕೊಲಂಬೊದಲ್ಲಿ ಕಡಲ ತಳದ ಮರಳು ಎತ್ತಿ 269 ಹೆಕ್ಟೇರ್ ಹೊಸ ನೆಲ ಮಾಡಿ ಪೋರ್ಟ್ ಸಿಟಿ ಕಟ್ಟಿದಾಗ ನೆಗೊಂಬೊದ ಮೀನುಗಾರರು ಹೇಳಿದ್ದೂ ಇಂಥದೇ ಮಾತು: ಮರಳು ತೆಗೆದದ್ದು ನಮ್ಮ ಮೀನಿನ ತಾಣದಿಂದ.

ಪಣಂಬೂರಿನಿಂದ ಕಾಟಿಪಳ್ಳಕ್ಕೆ

ಸರಕಾರವೇ ನೋಟಿಸು ಕೊಟ್ಟು ಎಬ್ಬಿಸಿದ ಕಥೆಗೆ ನಮ್ಮ ಕರಾವಳಿಯಲ್ಲಿ ದೊಡ್ಡ ಉದಾಹರಣೆ ನವಮಂಗಳೂರು ಬಂದರು. 1962ರಲ್ಲಿ ಕೆಲಸ ಶುರುವಾಗಿ, 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಅದು ನೈಸರ್ಗಿಕ ಕೊಲ್ಲಿಯ ಬಂದರಲ್ಲ. ಪಣಂಬೂರಿನ ನೆಲವನ್ನು ಅಗೆದು ಕಡಲನ್ನು ಒಳಗೆ ಕರೆದುಕೊಂಡು ಮಾಡಿದ್ದು. ಅಲ್ಲಿ ನೆಲ ನೀರಾಯಿತು. ನೆಲದ ಮೇಲಿದ್ದವರನ್ನು ಸುರತ್ಕಲ್ಲಿನ ಮೂಡಿಗೆ, ಕಾಟಿಪಳ್ಳ ಮತ್ತು ಕೃಷ್ಣಾಪುರದ ಗುಡ್ಡದ ಮೇಲೆ ಬ್ಲಾಕುಗಳಾಗಿ ಭಾಗ ಮಾಡಿದ ನಿವೇಶನಗಳಿಗೆ ಕಳಿಸಿದರು. ಇವತ್ತಿಗೂ ಅಲ್ಲಿನ ವಿಳಾಸ ಮೂರನೇ ಬ್ಲಾಕ್, ಏಳನೇ ಬ್ಲಾಕ್ ಎಂದೇ. ಕಡಲ ಬದಿಯ ಹಳ್ಳಿಯವರು ಹೀಗೆ ಗುಡ್ಡದ ಮೇಲಿನ ಕಾಲನಿಯವರಾದರು, ಈಗ ಮಂಗಳೂರು ಮಹಾನಗರಪಾಲಿಕೆಯ ವಾರ್ಡಿನವರು.

ಬಂದರು ಬಂದ ಮೇಲೆ ಕೈಗಾರಿಕೆ ಬರಲೇಬೇಕಿತ್ತು. 1990ರ ದಶಕದಲ್ಲಿ ಎಂಆರ್‌ಪಿಎಲ್ ತೈಲಾಗಾರ, 2006ರಿಂದ ಈಚೆಗೆ ಮಂಗಳೂರು ವಿಶೇಷ ಆರ್ಥಿಕ ವಲಯ. ಕಳವಾರು, ಬಜ್ಪೆ, ಪೆರ್ಮುದೆ, ಕುತ್ತೆತ್ತೂರು ಕಡೆಯ ತೋಟ, ದೈವಸ್ಥಾನ, ನಾಗಬನಗಳೊಂದಿಗೆ ಊರುಗಳು ಹೋದವು. ಎರಡನೇ ಹಂತಕ್ಕೆ ಗುರುತಿಸಿದ್ದ 2,035 ಎಕರೆಯನ್ನು 2011ರಲ್ಲಿ ಸರಕಾರ ಕೈಬಿಟ್ಟಿತು. ರೈತರು ಬಿಡದೆ ಹೋರಾಡಿದ್ದರಿಂದ. ಅಧಿಸೂಚನೆ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ಕೈಚೆಲ್ಲುವವರು ಈ ಸಂಗತಿಯನ್ನು ನೆನಪಿಡಬೇಕು.

ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಹದಿಮೂರು ಊರುಗಳ 4,000ಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟವು. ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದ ಮೇಲೂ ಹೆಚ್ಚುವರಿ ಪರಿಹಾರದ ವ್ಯಾಜ್ಯಗಳು ಮುಗಿದಿರಲಿಲ್ಲ.

ಕಾರ್ಕಳದವರಿಗೆ ತೀರ ಹತ್ತಿರದ್ದು ಎಲ್ಲೂರು. ಪಡುಬಿದ್ರಿ ರಸ್ತೆಯಲ್ಲಿ ನಂದಿಕೂರು ಬರುವಾಗ ಕಾಣುವ ಚಿಮಣಿ ಅಲ್ಲಿನ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ್ದು. 1990ರ ದಶಕದಲ್ಲಿ ಕೊಜೆಂಟ್ರಿಕ್ಸ್ ಕಂಪನಿ ಬಂದು ವಾಪಸು ಹೋದ ಮೇಲೆ, ಕೈ ಬದಲಾಗಿ, 2010ರ ಹೊತ್ತಿಗೆ ಸ್ಥಾವರ ಓಡತೊಡಗಿತು. ಇಲ್ಲಿ ಕಲಿಯಬೇಕಾದದ್ದು ಬೇಲಿಯ ಹೊರಗಿನವರ ಸ್ಥಿತಿ. ಬೇಲಿಯ ಒಳಗೆ ಜಾಗ ಹೋದವರಿಗೆ ಹೇಗೋ ಪರಿಹಾರ ಉಂಟು. ಬೇಲಿಗೆ ಅಂಟಿಕೊಂಡು ಹೊರಗೆ ಉಳಿದವರ ಬಾವಿಗೆ ಉಪ್ಪು, ಅಡಿಕೆ–ಮಲ್ಲಿಗೆಗೆ ಬೂದಿ, ಜಾಗ ಕೊಳ್ಳುವವರೂ ಇಲ್ಲ. ಅವರು ನಿರ್ವಸಿತರ ಪಟ್ಟಿಯಲ್ಲಿ ಇರುವುದಿಲ್ಲ. ನಂದಿಕೂರಿನ ಜನಜಾಗೃತಿ ಸಮಿತಿ ವರ್ಷಗಟ್ಟಲೆ ದಾವೆ ನಡೆಸಿದ ಮೇಲೆ, 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಕಂಪನಿಗೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು.

ಕಾಗದದಲ್ಲಿ ಯಾರಿದ್ದಾರೆ

ಪಟ್ಟಾ ಜಾಗವಿದ್ದವರ ಹೆಸರು ಆರ್‌ಟಿಸಿಯಲ್ಲಿದೆ. 1974ರ ಭೂಸುಧಾರಣೆಯಲ್ಲಿ ‘ಡಿಕ್ಲರೇಶನ್’ ಕೊಟ್ಟು ಗೇಣಿಯ ಜಾಗ ಪಡೆದವರೂ ದಾಖಲೆಗೆ ಬಂದರು. ಆದರೆ ವರ್ಗ ಜಾಗಕ್ಕೆ ತಾಗಿದ ಕುಮ್ಕಿಯಲ್ಲಿ ಸೊಪ್ಪು, ಸೌದೆ ತರುವವರಿಗೆ ಅದು ಸೌಲಭ್ಯ ಮಾತ್ರ, ಒಡೆತನವಲ್ಲ. ಕಡಲ ಪರಂಬೋಕಿನ ಮೇಲೆ ಮೂರು ತಲೆಮಾರು ಮನೆ ಮಾಡಿಕೊಂಡವರು ದಾಖಲೆಯಲ್ಲಿ ಒತ್ತುವರಿದಾರರು. ಡಿ.ಸಿ. ಮನ್ನಾ ಜಾಗ ಪರಿಶಿಷ್ಟರಿಗೆಂದೇ ಇದ್ದರೂ ಎಷ್ಟೋ ಕಡೆ ಅವರ ಕೈಯಲ್ಲಿಲ್ಲ. ಮಲ್ಪೆಯಲ್ಲಿ ಮೀನು ಹೊರುವ, ಮಣಿಪಾಲದಲ್ಲಿ ಗಾರೆ ಕಲಸುವ ಬಾಗಲಕೋಟೆ, ಗದಗ, ಕೊಪ್ಪಳದ ಕುಟುಂಬಗಳಿಗೆ ರೇಷನ್ ಕಾರ್ಡೂ ಊರಿನ ವಿಳಾಸದ್ದು.

ಕರಾವಳಿ ನಿಯಂತ್ರಣ ವಲಯದ ನಿಯಮ 1991ರಲ್ಲಿ ಬಂದು, 2011ರಲ್ಲಿ, ಮತ್ತೆ 2019ರಲ್ಲಿ ಬದಲಾಯಿತು. ಕಡಲಿಗೆ ಅಡ್ಡ ಕಟ್ಟುವುದು, ನೆಲ ತುಂಬಿಸುವುದು ನಿಷೇಧ; ಬಂದರು, ಜೆಟ್ಟಿ, ಕೊರೆತ ತಡೆಯಂಥವಕ್ಕೆ ವಿನಾಯಿತಿ. ಗ್ರಾಮೀಣ ಪ್ರದೇಶದಲ್ಲಿ ಭರತರೇಖೆಯಿಂದ 200 ಮೀಟರ್‌ವರೆಗೆ ಕಟ್ಟಡ ನಿಷಿದ್ಧವಾಗಿದ್ದದ್ದು, 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ 2019ರಲ್ಲಿ 50 ಮೀಟರಿಗೆ ಇಳಿಯಿತು. ನಿಯಮ ಬಿಗಿಯಿದ್ದಾಗ ಬಡ ಮೀನುಗಾರನ ಮನೆಗೆ ಡೋರ್ ನಂಬರ್ ಸಿಗಲಿಲ್ಲ. ಸಡಿಲವಾದಾಗ ಅದರ ಲಾಭ ಹಣವಿದ್ದವರಿಗೆ ಮೊದಲು ಸಿಕ್ಕಿತು. ಈ ಅನ್ಯಾಯವನ್ನು ನಾವು ಸಹಜವೆಂಬಂತೆ ನೋಡುತ್ತ ಬಂದಿದ್ದೇವೆ.

ಜಾಗ ಹೋಗುವ ಸುದ್ದಿ ಬಂದರೆ ಮೊದಲು ತಿಳಿಯಬೇಕಾದದ್ದು ಯಾವ ಕಾಯ್ದೆಯಡಿ ಎಂದು. 2013ರ ಭೂಸ್ವಾಧೀನ ಕಾಯ್ದೆಯಾದರೆ ಸಾಮಾನ್ಯವಾಗಿ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಆಲಿಕೆ ಬೇಕು. ಪ್ರಾಥಮಿಕ ಅಧಿಸೂಚನೆಯಾದ 60 ದಿನದೊಳಗೆ ಆಕ್ಷೇಪ ಸಲ್ಲಿಸಬಹುದು. ಮಾರುಕಟ್ಟೆ ಬೆಲೆಯ ಮೇಲೆ ನೂರಕ್ಕೆ ನೂರು ಸಾಂತ್ವನ ಮೊತ್ತ ಉಂಟು. ಆ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಎಂದರೆ ಜಾಗದ ಧಣಿ ಮಾತ್ರ ಅಲ್ಲ. ಮೂರು ವರ್ಷದಿಂದ ಆ ಜಾಗದಲ್ಲಿ ದುಡಿದು ಬದುಕಿದ ಗೇಣಿದಾರ, ಕೂಲಿಯವರು, ನೀರನ್ನೇ ನಂಬಿದ ಮೀನುಗಾರರು, ದೋಣಿಯವರೂ ಸೇರುತ್ತಾರೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರ ರಾಜ್ಯ ಕಾಯ್ದೆಯಡಿ ಬಂದರೆ ದಾರಿ ಕಿರಿದು: 28(1)ರ ಅಧಿಸೂಚನೆ, ನೋಟಿಸು, ಆಕ್ಷೇಪಕ್ಕೆ 30 ದಿನ, 28(4)ರ ಅಂತಿಮ ಅಧಿಸೂಚನೆ. ಅದರಲ್ಲಿ ಸಾಮಾಜಿಕ ಪರಿಣಾಮ ಅಧ್ಯಯನದ ಅಧ್ಯಾಯವೇ ಇಲ್ಲ. ಹಾಗಾಗಿ ಆರ್‌ಟಿಸಿಯ 11ನೇ ಕಾಲಮ್ಮನ್ನು ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡಿ. ಸ್ವಾಧೀನದ ಟಿಪ್ಪಣಿ ಕಾಣುವುದು ಅಲ್ಲೇ.

ಹೆಸರಲ್ಲಿ ಜಾಗವಿಲ್ಲದವರು ಅಲ್ಲಿ ಬದುಕುತ್ತಿರುವುದಕ್ಕೆ ಗುರುತು ಒಟ್ಟುಮಾಡಬೇಕು. ಕರೆಂಟು ಬಿಲ್ಲು, ಮಕ್ಕಳ ಶಾಲೆಯ ದಾಖಲೆ, ದೋಣಿಯ ನೋಂದಣಿ, ಮೀನುಗಾರರ ಸಹಕಾರಿ ಸಂಘದ ಸದಸ್ಯತ್ವ, ಮೀನು ಮಾರುವವರ ಗುರುತುಪತ್ರ, ಎಲ್ಲವೂ ಆಗುತ್ತವೆ. ಸರಕಾರಿ ಜಾಗದ ಹಳೆಯ ಮನೆಗಳಿಗೆ ಹಳ್ಳಿಯಲ್ಲಿ 94ಸಿ, ಪೇಟೆಯಲ್ಲಿ 94ಸಿಸಿ ಅಡಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿಯನ್ನು ಕಳೆದುಕೊಳ್ಳಬೇಡಿ. ತೋಡು ಮುಚ್ಚಿದ ದೂರಿದ್ದರೆ ಎಫ್‌ಎಂಬಿ (ಸರ್ವೆ) ನಕ್ಷೆ ಪಡೆದು, ತೋಡು ಪರಂಬೋಕು ಎಲ್ಲಿದೆ ಎಂದು ಗುರುತು ಹಾಕಿ ತಹಶೀಲ್ದಾರರಿಗೆ ಕೊಡಿ; ಬಾಯಿಮಾತಿನ ದೂರಿಗಿಂತ ನಕ್ಷೆಗೆ ಬೆಲೆ ಹೆಚ್ಚು.

ಕಡಲ ಬದಿಯ ಕಾಮಗಾರಿಯಾದರೆ ಮಣಿಪಾಲದ ರಜತಾದ್ರಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಜಿಲ್ಲಾಧಿಕಾರಿಗಳ ನೇತೃತ್ವದ ಜಿಲ್ಲಾ ಕರಾವಳಿ ವಲಯ ಸಮಿತಿಯಲ್ಲಿ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಇರಬೇಕೆಂದು 2011ರ ಅಧಿಸೂಚನೆಯೇ ಹೇಳಿದೆ. ನಿಮ್ಮ ಊರಿನ ಪರವಾಗಿ ಆ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಆಲಿಕೆ ನಡೆಯುವುದಿದ್ದರೆ 30 ದಿನ ಮುಂಚೆ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆಲಿಕೆಯಲ್ಲಿ ಆಡಿದ ಮಾತು ನಡಾವಳಿಯಲ್ಲಿ ಬಿಟ್ಟುಹೋಗಬಹುದು, ಆದ್ದರಿಂದ ಬರವಣಿಗೆಯಲ್ಲೂ ಕೊಟ್ಟು ಸ್ವೀಕೃತಿ ಪಡೆಯಿರಿ. ಕೈರಂಪಣಿ ಎಳೆಯುವ, ದೋಣಿ ಇಡುವ, ಮೀನು ಒಣಗಿಸುವ ಜಾಗಗಳನ್ನು ನೀವೇ ಒಂದು ನಕ್ಷೆಯಲ್ಲಿ ಗುರುತಿಸಿ ಲಗತ್ತಿಸಿದರೆ ಅವು ಮೊದಲ ಸಲ ಸರಕಾರಿ ಕಡತದೊಳಗೆ ಸೇರುತ್ತವೆ.

ಕಡಲೇ ಜಾಗ ತೆಗೆದುಕೊಂಡವರ ಸ್ಥಿತಿ ಎಲ್ಲರಿಗಿಂತ ಕಷ್ಟ. ಸ್ವಾಧೀನ ಮಾಡಿದವರು ಯಾರೂ ಇಲ್ಲ, ಹಾಗಾಗಿ ಸ್ವಾಧೀನದ ಪರಿಹಾರವೂ ಇಲ್ಲ. ಹದಿನೈದನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಮನೆ ಹೋದವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನು ದೇಶಕ್ಕೆಲ್ಲ ಸೇರಿ ಶಿಫಾರಸು ಮಾಡಿದ್ದು ಈ ದಿಕ್ಕಿನ ಮೊದಲ ಹೆಜ್ಜೆ. ಇಂಥ ಹಣಕ್ಕೆ ಅರ್ಜಿ ಹೋಗುವುದು ಜಿಲ್ಲಾಡಳಿತದ ಮೂಲಕ, ರಾಜ್ಯದಿಂದ. ಜಾಗ ಇತ್ತೆಂದು ತೋರಿಸುವ ಕೆಲಸ ಮಾತ್ರ ಮನೆಯವರದ್ದು. ಮೇ ತಿಂಗಳಲ್ಲಿ ಗ್ರಾಮ ಆಡಳಿತಾಧಿಕಾರಿಯ ಎದುರು ಗಡಿ ಅಳತೆ ಮಾಡಿಸಿ, ತಾರೀಖು ಇರುವ ಫೋಟೊ ತೆಗೆದಿಡಿ. ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಅದೇ ಕೋನದಿಂದ.

ಕಾಲನಿಯಲ್ಲಿ ಸೈಟು ಕೊಡುತ್ತೇವೆಂದರೆ ಸಹಿ ಹಾಕುವ ಮುಂಚೆ ವಿಚಾರಿಸಬೇಕಾದ ಸಂಗತಿಗಳಿವೆ. ಸಿಗುವುದು ಹಕ್ಕುಪತ್ರವೋ ಬರಿಯ ಹಂಚಿಕೆ ಪತ್ರವೋ, ಅದರಲ್ಲಿ ಹೆಂಡತಿಯ ಹೆಸರೂ ಇದೆಯೋ. ಬೆಳಗಿನ ಜಾವ ಮಲ್ಪೆಯ ಹರಾಜಿಗೆ ಮುಟ್ಟಿಸುವ ಬಸ್ಸು ಉಂಟೋ. ಅದಿಲ್ಲದಿದ್ದರೆ ಮೀನು ಮಾರುವ ಹೆಂಗಸಿನ ದುಡಿಮೆ ಆಟೋ ಬಾಡಿಗೆಗೇ ಹೋಗುತ್ತದೆ. ದೋಣಿ, ಬಲೆ ಇಡಲು ದಡದಲ್ಲಿ ಜಾಗ ಉಳಿಸಿದ್ದಾರೋ. ತೋರಿಸಿದ ಸೈಟು ಹಿಂದೆ ಯಾರ ಗದ್ದೆಯಾಗಿತ್ತು, ತುಂಬಿಸಿದ ಬೈಲೋ ಹೇಗೆ ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ. ಸಾಧ್ಯವಾದರೆ ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋಗಿ ನೋಡಿ.